ಹೋದವರ ಹೆಸರಿನಲ್ಲಿ ಓಡುವ ಗಾಡಿಗಳು

2023ರಲ್ಲಿ ಎಚ್‌ಎಸ್‌ಆರ್‌ಪಿ ಅನ್ನೋ ಹೊಸ ಸುರಕ್ಷಿತ ನಂಬರ್ ಪ್ಲೇಟಿನ ಗದ್ದಲ ಶುರುವಾದಾಗ ನಮ್ಮ ಓಣಿಯ ಬಹಳಷ್ಟು ಜನ ನಮ್ಮ ಮನೆಗೆ ಬರುತ್ತಿದ್ದರು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೆಲ್ಲ ಹೊಸ ಪ್ಲೇಟ್ ಹಾಕಿಸಬೇಕು, ನವೆಂಬರ್ 17 ಕೊನೆಯ ದಿನ ಅಂತ ಆಗ ಹೇಳಿದ್ದರು. ಆ ದಿನಾಂಕ ಆಮೇಲೆ ಮುಂದಕ್ಕೆ ಹೋಗುತ್ತಲೇ ಇತ್ತು, ಅದು ಬೇರೆ ಮಾತು. ಹುಬ್ಬಳ್ಳಿಯ ಹಳೇ ಓಣಿ ನಮ್ಮದು. ಫೋನಿನಲ್ಲಿ ಫಾರ್ಮ್ ತುಂಬೋಕೆ ಬರುವವರು ಕಡಿಮೆ. ಹಾಗಾಗಿ ಸಂಜೆ ಹೊತ್ತು ಒಬ್ಬೊಬ್ಬರಾಗಿ ಆರ್‌ಸಿ ಹಿಡಿದುಕೊಂಡು ಬರುತ್ತಿದ್ದರು, ನಾನು ಚಾಸಿ ನಂಬರ್, ಇಂಜಿನ್ ನಂಬರ್ ನೋಡಿ ಬುಕ್ ಮಾಡಿ ಕೊಡುತ್ತಿದ್ದೆ. ಹುಬ್ಬಳ್ಳಿಗೇ ಅಂತ ಕೆಎ-63 ಬರುವುದಕ್ಕಿಂತ ಹಿಂದಿನ ಗಾಡಿಗಳೇ ಜಾಸ್ತಿ, ಎಲ್ಲದರ ಮೇಲೂ ಧಾರವಾಡದ ಕೆಎ-25. ಆಗ ಕಣ್ಣಿಗೆ ಬಿದ್ದದ್ದು ಮಾಲೀಕರ ಹೆಸರು. ಪೋಸ್ಟ್ ಆಫೀಸಿನಲ್ಲಿದ್ದ ಮಾಮಾ ಹೋಗಿ ಎಷ್ಟೋ ವರ್ಷವಾಗಿದೆ, ಅವರ ಸ್ಕೂಟರ್ ಇನ್ನೂ ಅವರ ಹೆಸರಿನಲ್ಲೇ ಇದೆ. ಕಿರಾಣಿ ಅಂಗಡಿಯ ಗೂಡ್ಸ್ ಆಟೋ ಕೊರೊನಾದಲ್ಲಿ ತೀರಿಕೊಂಡ ಅಣ್ಣನ ಹೆಸರಿನಲ್ಲಿದೆ. ಹಿಂದಿನ ಮನೆಯ ಹುಡುಗ ಕಾಲೇಜಿಗೆ ಓಡಿಸುವ ಬೈಕು ಅವನ ಅಜ್ಜನದು. ಅಜ್ಜನ ಫೋಟೋಗೆ ಮಾಲೆ ಹಾಕಿದ್ದನ್ನು ನಾನೇ ನೋಡಿದ್ದೇನೆ.

ಕೇಳಿದರೆ ಎಲ್ಲರದೂ ಒಂದೇ ಉತ್ತರ. "ಅದಕ್ಕೇನಾಗ್ತದ್ರಿ, ಗಾಡಿ ನಮ್ದ ಅಲ್ಲೇನು?" ಅದು ನಿಜವೂ ಹೌದು. ಯಾರೂ ಕದ್ದ ಗಾಡಿ ಓಡಿಸುತ್ತಿಲ್ಲ. ಮಗ ಅಪ್ಪನ ಗಾಡಿ ಓಡಿಸುತ್ತಾನೆ, ತಮ್ಮ ಅಣ್ಣನದು ಓಡಿಸುತ್ತಾನೆ. ಆದರೆ ಆ ಹೆಸರುಗಳು ನನ್ನ ತಲೆಯಿಂದ ಹೋಗಲಿಲ್ಲ. ನಾವು ಹೊಲಕ್ಕೆ ಹೀಗೆ ಮಾಡೋದಿಲ್ಲ ಅಲ್ವಾ? ಮನೆಗೂ ಹೀಗೆ ಮಾಡೋದಿಲ್ಲ. ಬ್ಯಾಂಕಿನ ಪಾಸ್‌ಬುಕ್ಕಿಗೂ ಇಲ್ಲ. ಗಾಡಿಯೊಂದು ಮಾತ್ರ ಹೀಗೆ, ಸುಮ್ನೆ, ಯಾರೂ ಏನೂ ಮಾತಾಡದೆ ಒಬ್ಬರಿಂದ ಒಬ್ಬರಿಗೆ ಹೋಗಿಬಿಡುತ್ತದೆ. ಯಾರ ಕೈಯಲ್ಲಿ ಚಾವಿ ಇತ್ತೋ ಅವರದೇ ಗಾಡಿ. ಆ ಸುಮ್ನಿರುವಿಕೆಯ ಭಾರ ಯಾರ ಮೇಲೆ ಬೀಳುತ್ತದೆ ಅನ್ನೋದು ನನಗೆ ತಿಳಿದದ್ದು ನಮ್ಮದೇ ಬಳಗದ ಒಂದು ಮನೆಯಲ್ಲಿ.

ಮೊಳೆಗೆ ನೇತುಹಾಕಿದ್ದ ಚಾವಿ

ನಮ್ಮ ಕಾಕಾ ರಾಣೇಬೆನ್ನೂರು ತಾಲ್ಲೂಕಿನ ಹಳ್ಳಿಯವರು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ದಿನಕರ್ಮ ಮುಗಿದ ಮರುದಿನ ಹಿರಿಯರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಮಾತು ಸಹಜವಾಗಿ ಹೊಲದ ಕಡೆಗೆ ಹೋಯಿತು. ಉತಾರದಲ್ಲಿ (ಪಹಣಿಯಲ್ಲಿ) ಯಾರ ಯಾರ ಹೆಸರಿದೆ, ಹೊಲ ವಾರಸುದಾರರ ಹೆಸರಿಗೆ ಮಾಡುವ ಪೌತಿ ಯಾವಾಗ ಮಾಡಿಸೋದು, ಹಿಂದಿನ ವಾಟ್ನಿಯಲ್ಲಿ (ಪಾಲು ಹಂಚಿಕೆಯಲ್ಲಿ) ಬಾವಿ ಯಾರ ಪಾಲಿಗೆ ಬಂದಿತ್ತು, ಸೊಸೈಟಿ ಸಾಲ ಎಷ್ಟಿದೆ. ಒಂದೊಂದು ಗುಂಟೆಯ ಮಾತೂ ಬಂತು. ನನ್ನ ದೊಡ್ಡಪ್ಪ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದರು. ಕಾಕಾನ ಬೈಕು ಹೊರಗೆ ಬೇವಿನ ಮರದ ಕೆಳಗೆ ನಿಂತಿತ್ತು, ಅದರ ಚಾವಿ ದೇವರ ಜಗುಲಿಯ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಮಾತು ಮುಗಿದು ಎಲ್ಲರೂ ಏಳುವಾಗ ದೊಡ್ಡಪ್ಪನ ಮಗ ಆ ಚಾವಿ ತೆಗೆದುಕೊಂಡ. "ಡೇರಿಗೆ ಹಾಲ ಹಾಕಿ ಬರ್ತೀನಿ" ಅಂದ. ಯಾರೂ ಏನೂ ಅನ್ನಲಿಲ್ಲ. ಅನ್ನುವಂಥದ್ದೇನೂ ಅವತ್ತು ಇರಲೂ ಇಲ್ಲ, ಹಾಲು ಹಾಕಲೇಬೇಕಿತ್ತು. ಆ ಸಂಜೆಯಿಂದ ಬೈಕು ಅವನದಾಯಿತು.

ಅಡುಗೆಮನೆಯ ಬಾಗಿಲಲ್ಲಿ ಕಾಕಾನ ಮಗಳು ನಿಂತಿದ್ದಳು. ಆ ಬೈಕನ್ನು ಕಾಕಾ ಬಿಟ್ಟರೆ ಅತಿ ಹೆಚ್ಚು ಓಡಿಸಿದವಳು ಅವಳು. ಕಾಕಾನೇ ಕಲಿಸಿದ್ದರು, ಕೆರೆ ಏರಿಯ ಮೇಲೆ, ಊರಿನವರು ನೋಡಿ ನಗುತ್ತಿದ್ದಾಗಲೂ ಬಿಡದೆ. ಕಾಯಿಲೆಯ ದಿನಗಳಲ್ಲಿ ರಾಣೇಬೆನ್ನೂರಿನವರೆಗೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೋಗಿ, ಬೈಕು ಸ್ಟ್ಯಾಂಡಿನಲ್ಲಿ ಬಿಟ್ಟು, ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದವಳೂ ಅವಳೇ. ಅವಳು ಚಾವಿ ಹೋಗುವುದನ್ನು ನೋಡಿದಳು, ಒಳಗೆ ಹೋದಳು. ನಾನು ನೋಡಿದೆ. ಅವಳ ತಮ್ಮ ದಾವಣಗೆರೆಯಲ್ಲಿ ಡಿಗ್ರಿ ಓದುತ್ತಿದ್ದ, ಅವನಿಗೂ ಇದು ಹೊಳೆಯಲಿಲ್ಲ.

ಅವತ್ತು ಪಡಸಾಲೆಯಲ್ಲಿ ಕೂತಿದ್ದವರಲ್ಲಿ ಯಾರೂ ಕೆಟ್ಟವರಲ್ಲ. ದೊಡ್ಡಪ್ಪನ ಮಗ ಆ ಮನೆಗೆ ಆಧಾರವಾಗಿ ನಿಂತವನು, ಈಗಲೂ ನಿಂತಿದ್ದಾನೆ. ಆದರೆ ಹೊಲದ ಬಗ್ಗೆ ಮಾತಾಡುವಾಗ "ಹುಡುಗಿಗೂ ಪಾಲು ಐತಿ" ಅಂತ ತಾವಾಗಿಯೇ ಹೇಳಿದ ಹಿರಿಯರಿಗೆ ಬೈಕಿನ ವಿಷಯದಲ್ಲಿ ಅದು ನೆನಪಿಗೇ ಬರಲಿಲ್ಲ. ಕಾರಣ ಸರಳ. ಹೊಲದ ಸುತ್ತ ಜಗಳವಿದೆ, ಹಾಗಾಗಿ ಕಾಗದವೂ ಇದೆ. ಗಾಡಿಗೆ ಯಾರೂ ಜಗಳ ಆಡುವುದಿಲ್ಲ, ಜಗಳವಿಲ್ಲದ ಕಡೆ ಬರೆಯುವುದೂ ಇಲ್ಲ. ಕೇಳುವ ಗಟ್ಟಿತನ ಇಲ್ಲದವರಿಗೆ ಅಲ್ಲಿ ಏನೂ ಸಿಗುವುದಿಲ್ಲ.

ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು 1956ರಲ್ಲಿ. ಉಯಿಲು ಬರೆಯದೆ ಹೋದ ಗಂಡಸಿನ ಸ್ವಂತ ಆಸ್ತಿಗೆ ಮೊದಲ ಸಾಲಿನ ವಾರಸುದಾರರು ಅಂದರೆ ಮಗ, ಮಗಳು, ಹೆಂಡತಿ ಮತ್ತು ತಾಯಿ. ತಾಯಿ ಅನ್ನೋದನ್ನು ಬಹಳ ಜನ ಮರೆಯುತ್ತಾರೆ. ತಂದೆ ಆ ಸಾಲಿನಲ್ಲಿಲ್ಲ, ತಾಯಿ ಇದ್ದಾಳೆ. ಬೈಕೂ ಆಸ್ತಿಯೇ. ಕಾಕಾನ ತಾಯಿ, ಅಂದರೆ ನಮ್ಮ ಅಜ್ಜಿ, ಅವತ್ತು ಅದೇ ಪಡಸಾಲೆಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಬೇವಿನ ಮರದ ಕೆಳಗಿನ ಆ ಗಾಡಿಯಲ್ಲಿ ಅವಳಿಗೂ ಸೊಸೆಯಷ್ಟೇ, ಮೊಮ್ಮಕ್ಕಳಷ್ಟೇ ಪಾಲಿತ್ತು. ಚಾವಿ ತೆಗೆದುಕೊಂಡವನಿಗೆ ಕಾನೂನಿನ ಪ್ರಕಾರ ಏನೂ ಇರಲಿಲ್ಲ.

ಮೂವತ್ತು ದಿನ, ಮೂರು ತಿಂಗಳು

ಇದೆಲ್ಲ ಆದ ಮೇಲೆ ನಾನು ಕಾಗದಪತ್ರದ ಕಡೆ ತಿರುಗಿದೆ. ಅಚ್ಚರಿ ಅಂದರೆ ನಿಯಮ ಅಷ್ಟೇನೂ ಕಠಿಣವಾಗಿಲ್ಲ, ಹೋದವರ ಮನೆಯ ಕಷ್ಟ ಗೊತ್ತಿರುವವರೇ ಬರೆದ ಹಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 50ನೇ ಸೆಕ್ಷನ್, 1989ರ ಕೇಂದ್ರ ನಿಯಮಗಳ 56ನೇ ನಿಯಮ ಇವೆರಡರಲ್ಲೂ ಇದಕ್ಕೆ ದಾರಿ ಇದೆ. ಮಾಲೀಕ ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಹೀಗಾಗಿದೆ, ಈ ಗಾಡಿಯನ್ನು ನಾನು ಬಳಸುತ್ತೇನೆ ಅಂತ. ಹಾಗೆ ತಿಳಿಸಿದರೆ ಮೂರು ತಿಂಗಳವರೆಗೆ ಗಾಡಿ ತನ್ನ ಹೆಸರಿಗೇ ಆದಂತೆ ಓಡಿಸಬಹುದು. ಆ ಮೂರು ತಿಂಗಳೊಳಗೆ ಫಾರ್ಮ್ 31 ತುಂಬಿ ಕೊಡಬೇಕು. ಮಾರಾಟಕ್ಕೆ ಬಳಸುವ 29, 30 ನಂಬರಿನ ಫಾರ್ಮುಗಳು ಎಲ್ಲರಿಗೂ ಗೊತ್ತು, ಏಜೆಂಟರ ಟೇಬಲ್ಲಿನ ಮೇಲೆ ರಾಶಿ ಬಿದ್ದಿರುತ್ತವೆ. 31ರ ಹೆಸರು ಕೇಳಿದವರು ಕಡಿಮೆ. ಅದಕ್ಕೆ ಸಹಿ ಹಾಕಬೇಕಾದವರು ದುಃಖದಲ್ಲಿರುತ್ತಾರೆ, ಆರ್‌ಟಿಒ ಅವರ ಕೊನೆಯ ಯೋಚನೆ ಆಗಿರುತ್ತದೆ. 30 ದಿನ ಅನ್ನೋದು ದಿನಕರ್ಮ, ಬಂದುಹೋಗುವವರು, ತಿಂಗಳ ಪೂಜೆ ಇವುಗಳಲ್ಲೇ ಕಳೆದುಹೋಗುತ್ತದೆ.

ಕಾಗದ ಸೇರಿಸುವುದರಲ್ಲಿ ಒಂದೆರಡು ಕಡೆ ನಮ್ಮ ಭಾಗದವರು ಅನಾವಶ್ಯಕವಾಗಿ ಅಲೆಯುತ್ತಾರೆ. ಮರಣ ನೋಂದಣಿ ಆಗೋದು ಸಾವು ಸಂಭವಿಸಿದ ಜಾಗದಲ್ಲಿ. ಹಾವೇರಿ, ಗದಗದ ಹಳ್ಳಿಯವರು ದೊಡ್ಡ ಕಾಯಿಲೆ ಅಂದ ಕೂಡಲೇ ಹುಬ್ಬಳ್ಳಿಗೆ ಬರುತ್ತಾರೆ. ಇಲ್ಲಿ ತೀರಿಕೊಂಡರೆ ಪ್ರಮಾಣಪತ್ರ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಲೆಕ್ಕಕ್ಕೆ ಬರುತ್ತದೆ. ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಅದನ್ನು ತಮ್ಮ ಊರಿನ ಪಂಚಾಯಿತಿಯಲ್ಲಿ ಕೇಳುತ್ತಾ ಕೂತಿದ್ದಳು. ಆಮೇಲೆ ವಂಶವೃಕ್ಷ, ಅದಕ್ಕೆ ನಾಡಕಚೇರಿಗೆ ಅರ್ಜಿ. ಗಾಡಿ ಒಬ್ಬರ ಹೆಸರಿಗೆ ಹೋಗುವಾಗ ಉಳಿದ ವಾರಸುದಾರರು ಒಪ್ಪಿಗೆಯ ಅಫಿಡವಿಟ್ ಕೊಡಬೇಕಾಗುತ್ತದೆ. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ, ಸಾಲ ತೀರಿದ್ದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಲು ಫಾರ್ಮ್ 35. ಟ್ರ್ಯಾಕ್ಟರ್ ಇದ್ದವರಿಗೆ ಇನ್ನೊಂದು ಮಾತು. ಟ್ರ್ಯಾಕ್ಟರಿನ ನೋಂದಣಿ ಬೇರೆ, ಟ್ರೇಲರಿನದು ಬೇರೆ. ಒಂದನ್ನು ಮಾಡಿಸಿ ಇನ್ನೊಂದನ್ನು ಹಾಗೇ ಬಿಟ್ಟವರು ಎಷ್ಟೋ ಮಂದಿ. ಬಾಡಿಗೆಗೆ ಓಡುವ ಗಾಡಿ ಇದ್ದರೆ ಪರ್ಮಿಟ್ ಕೂಡ ಬೇರೆಯಾಗಿ ವರ್ಗ ಆಗಬೇಕು, ಅಲ್ಲೂ ಅದೇ 30 ದಿನ, ಮೂರು ತಿಂಗಳ ಲೆಕ್ಕ. ಕಿರಾಣಿ ಅಂಗಡಿಯ ಆ ಗೂಡ್ಸ್ ಆಟೋಗೆ ಈ ಮೂರು ತಿಂಗಳು ಎಂದೋ ಮುಗಿದಿದೆ, ಆದರೂ ಅದು ಹೋದ ಅಣ್ಣನ ಹೆಸರಿನಲ್ಲೇ ದಿನಾ ಎಪಿಎಂಸಿಗೆ ಹೋಗಿ ಬರುತ್ತದೆ.

ಇನ್ಶೂರೆನ್ಸ್ ವಿಷಯ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿತು. ಪಾಲಿಸಿಯ ಷರತ್ತಿನಲ್ಲೇ ಬರೆದಿರುತ್ತಾರೆ. ಪಾಲಿಸಿದಾರ ತೀರಿಕೊಂಡರೆ ಪಾಲಿಸಿ ತಕ್ಷಣ ಸಾಯುವುದಿಲ್ಲ, ಮೂರು ತಿಂಗಳು ಅಥವಾ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಅಷ್ಟರೊಳಗೆ ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮಾಡಿಸಿಕೊಂಡರೆ ಅಪ್ಪ ಗಳಿಸಿದ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದೆ ಕಳೆದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಕೂಡ ಹೆಂಡತಿ ಮಕ್ಕಳಿಗೆ ಸಿಗುತ್ತದೆ. ಆದರೆ ನಡೆಯುವುದೇನು? ವರ್ಷಕ್ಕೊಮ್ಮೆ ಮೊಬೈಲಿಗೆ ಸಂದೇಶ ಬರುತ್ತದೆ, ಮಗ ದುಡ್ಡು ಕಟ್ಟುತ್ತಾನೆ, ಅಪ್ಪನ ಹೆಸರಿನಲ್ಲಿ ಹೊಸ ಪಾಲಿಸಿ ಬರುತ್ತದೆ. ಮಾಲೀಕರು ಇದ್ದಾರೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ಆ ಪಾಲಿಸಿಯೊಳಗೆ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಅಂತ ಒಂದು ಭಾಗ ಇರುತ್ತದೆ. ಮೊದಲು ಬೈಕಿಗೆ 1 ಲಕ್ಷ, ಕಾರಿಗೆ 2 ಲಕ್ಷ ಇತ್ತು, 2018ರಲ್ಲಿ ಅದನ್ನು 15 ಲಕ್ಷ ರೂಪಾಯಿ ಮಾಡಿದರು. ಆ ವಿಮೆ ಇರೋದು ಲೈಸೆನ್ಸ್ ಇರುವ ಮಾಲೀಕರಿಗೆ. ಮಾಲೀಕರು ತಮ್ಮ ಗಾಡಿ ಓಡಿಸುತ್ತಾ ಬಿದ್ದು ಸತ್ತರೆ ಮನೆಯವರಿಗೆ ಆ ಹಣ ಸಿಗುತ್ತದೆ, ಇದೂ ಎಷ್ಟೋ ಮನೆಯವರಿಗೆ ಗೊತ್ತಿಲ್ಲ, ಕೇಳದೆಯೇ ಬಿಟ್ಟಿದ್ದಾರೆ. ಈಗ ಆ ಕಾಲೇಜು ಹುಡುಗನನ್ನು ನೆನೆಸಿಕೊಳ್ಳಿ. ಅಜ್ಜನ ಹೆಸರಿನ ಬೈಕು, ಅಜ್ಜನ ಹೆಸರಿನ ಪಾಲಿಸಿ. ಮನೆಯವರು ಪ್ರತಿ ವರ್ಷ ಪ್ರೀಮಿಯಂ ಕಟ್ಟುತ್ತಾರೆ. ಆ 15 ಲಕ್ಷ ಯಾರಿಗೆ? ಹೋಗಿಬಿಟ್ಟ ಅಜ್ಜನಿಗೆ. ಗಬ್ಬೂರು ಬೈಪಾಸಿನಲ್ಲಿ ದಿನಾ ಲಾರಿಗಳ ನಡುವೆ ನುಗ್ಗುವ ಆ ಹುಡುಗನ ಜೀವಕ್ಕೆ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಇದನ್ನು ಅವನ ತಾಯಿಗೆ ಹೇಳಿದಾಗ ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಮರುವಾರವೇ ಕಾಗದ ತೆಗೆಸಲು ಶುರು ಮಾಡಿದರು.

ಬೇರೆಯವರಿಗೆ ಪೆಟ್ಟಾದರೆ ಇನ್ನೊಂದು ಕಷ್ಟ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಕೈಯಿಂದ ಕೈಗೆ ಮಾರಿ ಹೆಸರು ಬದಲಿಸದೇ ಬಿಟ್ಟ ಗಾಡಿಯ ಪ್ರಕರಣ. ಹೋದವರ ಗಾಡಿಯ ವಿಷಯದಲ್ಲಿ ಅಂಥ ಹೊಣೆ ಅವರು ಬಿಟ್ಟುಹೋದ ಆಸ್ತಿಯ ಕಡೆಗೆ ತಿರುಗಬಹುದು. ಅಂದರೆ ಗಾಡಿ ಓಡಿಸಿದವನು ಅಣ್ಣನ ಮಗ, ಕೋರ್ಟಿನ ನೋಟಿಸು ಬರುವುದು ಗಾಡಿಯನ್ನು ಮುಟ್ಟಿಯೂ ನೋಡದ ವಿಧವೆಗೆ. ನನಗೆ ಇದಕ್ಕಿಂತ ದೊಡ್ಡ ಅನ್ಯಾಯ ಕಾಣಲಿಲ್ಲ. ಅದನ್ನು ತಪ್ಪಿಸೋಕೆ ಬೇಕಾಗಿದ್ದು ಒಂದು ಅರ್ಜಿ ಅಷ್ಟೇ.

ಅಜ್ಜಿಯ ಹೆಬ್ಬೆಟ್ಟು

ಕಾಕಾನ ಮಗಳಿಗೆ ರಾಣೇಬೆನ್ನೂರಿನ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಬೇಗ ಹೋಗಬೇಕು, ಆ ಹೊತ್ತಿಗೆ ಅವರ ಊರಿಂದ ಬಸ್ಸಿಲ್ಲ. ಟೆಂಪೊದಲ್ಲಿ ನೇತಾಡಿಕೊಂಡು ಹೋಗುತ್ತಿದ್ದಳು. ಮನೆಯ ಬೈಕು ಹಾಲಿನ ಕ್ಯಾನು ಹೊರುತ್ತಿತ್ತು. ಕೊನೆಗೆ ಅವಳೇ ಫೋನ್ ಮಾಡಿ ಕೇಳಿದಳು, "ಅಪ್ಪನ ಗಾಡಿ ನನ್ನ ಹೆಸರಿಗೆ ಆಗ್ತದೇನು?" ಅಷ್ಟೊತ್ತಿಗೆ ಮೂರು ತಿಂಗಳು ಯಾವಾಗಲೋ ಮುಗಿದಿತ್ತು, ಇನ್ಶೂರೆನ್ಸ್ ಕೂಡ ಮುಗಿದಿತ್ತು. ತಡವಾದರೆ ದಂಡ ಕಟ್ಟಿ ಮಾಡಿಸಬಹುದು, ದಾರಿ ಮುಚ್ಚುವುದಿಲ್ಲ. ದೊಡ್ಡಪ್ಪನ ಮಗನಿಗೆ ವಿಷಯ ಹೇಳಿದಾಗ ಅವನು ತಡಮಾಡದೆ ಒಪ್ಪಿದ. "ಮೊದಲ ಹೇಳಿದ್ರ ಅವತ್ತ ಕೊಡ್ತಿದ್ದೆ" ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕೇಳದೇ ಇದ್ದದ್ದಕ್ಕೆ ಯಾರನ್ನು ಅನ್ನೋದು?

ಅಫಿಡವಿಟ್ಟಿಗೆ ಚಿಗವ್ವನ ಸಹಿ, ಹುಡುಗನ ಸಹಿ, ಅಜ್ಜಿಯ ಹೆಬ್ಬೆಟ್ಟು ಬೇಕಿತ್ತು. ಅಜ್ಜಿಯದು ಯಾಕೆ ಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಆಶ್ಚರ್ಯ. ಹಾವೇರಿ ರಸ್ತೆಯ ಒಂದು ಸಣ್ಣ ಅಂಗಡಿಯಲ್ಲಿ ನೋಟರಿ ವಕೀಲರು ಕೂತಿದ್ದರು. ಅಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆವು. ವಕೀಲರು ಒಳ್ಳೆಯವರು, ಸುಮ್ನೆ ಒತ್ತಿಸಿಕೊಳ್ಳಲಿಲ್ಲ, ಕಾಗದ ಪೂರ್ತಿ ಓದಿ ಹೇಳಿದರು. ನಿಮ್ಮ ಮಗನ ಗಾಡಿಯಲ್ಲಿ ನಿಮಗೂ ಒಂದು ಪಾಲಿದೆ ಅಮ್ಮ, ಅದನ್ನು ಮೊಮ್ಮಗಳ ಹೆಸರಿಗೆ ಬಿಟ್ಟುಕೊಡುತ್ತೀರಿ ಅಂತ ಇದರಲ್ಲಿ ಬರೆದಿದೆ, ಒಪ್ಪಿಗೆಯಾ? ಅಜ್ಜಿ ಕೇಳಿದಳು, "ನನಗೂ ಪಾಲು ಐತೇನು?" ಹೌದು ಅಂದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಗಂಡನ ಹೊಲದ ವಾಟ್ನಿ ಆದಾಗ ಅವಳನ್ನು ಹೀಗೆ ಕೂರಿಸಿ ಯಾರೂ ಕೇಳಿರಲಿಲ್ಲ ಅನ್ನೋದು ನನಗೆ ಗೊತ್ತು. "ಮಗನ ಗಾಡಿ ಮೊಮ್ಮಗಳು ಓಡಸ್ತಾಳಂದ್ರ ನಂಗ್ಯಾಕ ಬ್ಯಾಡಾಗ್ತದ, ಎಲ್ಲಿ ಒತ್ತಬೇಕು ಹೇಳ್ರಿ" ಅಂದಳು. ಒತ್ತಿದಳು. ಆಮೇಲೆ ಬೆರಳಿಗೆ ಹತ್ತಿದ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಮೊಮ್ಮಗಳಿಗೆ, "ಸಾವಕಾಶ ಓಡಿಸ" ಅಂತ ಎರಡು ಸಲ ಹೇಳಿದಳು. ಆರ್‌ಸಿಯಲ್ಲಿ ಈಗ ಮೊಮ್ಮಗಳ ಹೆಸರಿದೆ. ಕೆಎ-27 ಗಾಡಿಯೇ ಆಗಿದ್ದರಿಂದ, ಹಾವೇರಿ ಜಿಲ್ಲೆಯೊಳಗೇ ಇದ್ದುದರಿಂದ ಎನ್‌ಒಸಿ, ತೆರಿಗೆ ಅಂತ ಬೇರೆ ತೊಂದರೆ ಬರಲಿಲ್ಲ.

ನಾಮಿನಿ ಅಂದರೆ ಮಾಲೀಕ ಅಲ್ಲ

ಈಗ ಇದಕ್ಕೆಲ್ಲ ಒಂದು ಸುಲಭದ ದಾರಿ ಬಂದಿದೆ. 2021ರ ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ತಿದ್ದಿತು. ಗಾಡಿ ನೋಂದಣಿ ಮಾಡಿಸುವಾಗಲೇ ನಾಮಿನಿಯ ಹೆಸರು ಕೊಡಬಹುದು. ಹಳೆಯ ಗಾಡಿಗೂ ಆಮೇಲೆ ಆನ್‌ಲೈನ್‌ನಲ್ಲಿ ಸೇರಿಸಬಹುದು. ನಾಮಿನಿಯ ಗುರುತಿನ ದಾಖಲೆ ಬೇಕು. ಮಾಲೀಕರು ಹೋದ ಮೇಲೆ ನಾಮಿನಿ 30 ದಿನದಲ್ಲಿ ತಿಳಿಸಿ, ಮೂರು ತಿಂಗಳಲ್ಲಿ ಫಾರ್ಮ್ 31 ಕೊಟ್ಟರೆ ಗಾಡಿ ಅವರ ಹೆಸರಿಗೆ ಬರುತ್ತದೆ. ವಿಚ್ಛೇದನ, ಆಸ್ತಿ ಪಾಲು ಇಂಥದ್ದೇನಾದರೂ ಆದರೆ ನಾಮಿನಿ ಬದಲಿಸೋಕೂ ಅವಕಾಶವಿದೆ. ಬ್ಯಾಂಕಿನಲ್ಲಿ ಹೆಸರು ಬರೆಸಿದಷ್ಟೇ ಸಲೀಸು. ಆದರೂ ನಾನು ಕೇಳಿದ ಯಾರೂ ಬರೆಸಿರಲಿಲ್ಲ. ಹೊಸ ಗಾಡಿ ತರುವ ದಿನ ನಿಂಬೆಹಣ್ಣು, ಕಾಯಿ, ಹೂವಿನ ಹಾರ, ಎಲ್ಲಾ ನೆನಪಿರುತ್ತದೆ. ಅವತ್ತು ಸಾವಿನ ಮಾತು ಎತ್ತುವುದು ಅಪಶಕುನ ಅನ್ನಿಸುತ್ತದೆ, ಅದು ನನಗೂ ಅರ್ಥವಾಗುತ್ತದೆ. ಮರುದಿನ ಎತ್ತಬಹುದಲ್ಲ.

ಒಂದು ವಿಷಯ ಮಾತ್ರ ಸ್ಪಷ್ಟವಾಗಿ ಹೇಳಬೇಕು. ನಾಮಿನಿ ಆದ ಮಾತ್ರಕ್ಕೆ ಗಾಡಿ ಪೂರ್ತಿ ಅವರದಾಯಿತು ಅಂತ ತಿಳಿಯಬಾರದು. ಆಗಿನ ಕಾನೂನಿನಂತೆ ಜೀವವಿಮೆಯ ನಾಮಿನಿ ಹಣವನ್ನು ವಾರಸುದಾರರ ಪರವಾಗಿ ಪಡೆಯುವವನು ಅಂತ ಸುಪ್ರೀಂ ಕೋರ್ಟ್ 1983ರಲ್ಲೇ ಸರಬತಿ ದೇವಿ ಪ್ರಕರಣದಲ್ಲಿ ಹೇಳಿತ್ತು. ಷೇರುಗಳ ವಿಷಯದಲ್ಲೂ ಅದನ್ನೇ 2023ರ ಡಿಸೆಂಬರಿನಲ್ಲಿ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಹೇಳಿತು. ಅದೇ ತರ್ಕ ಹಿಡಿದರೆ ಗಾಡಿಯ ನಾಮಿನಿಯೂ ಕಾಗದಕ್ಕೆ ಮುಂದೆ ನಿಂತವರು, ಉಳಿದವರ ಹಕ್ಕು ಅಲ್ಲಿಗೆ ಅಳಿಯುವುದಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಬೇರೆ ಪದ್ಧತಿ ಇದೆ. ಕ್ಯಾಲಿಫೋರ್ನಿಯಾ, ಒಹಾಯೊದಂಥ ಕಡೆ ಕಾರಿನ ಅಥವಾ ದೋಣಿಯ ಮಾಲೀಕತ್ವದ ಪತ್ರದಲ್ಲೇ ಇಂಥವರಿಗೆ ಹೋಗಬೇಕು ಅಂತ ಹೆಸರು ಬರೆಸಬಹುದು, ಮಾಲೀಕರು ಸತ್ತ ಮೇಲೆ ಕೋರ್ಟಿಗೆ ಹೋಗದೆ ಅದು ನೇರವಾಗಿ ಅವರದೇ ಆಗುತ್ತದೆ. ಬದುಕಿರುವವರೆಗೆ ಆ ಹೆಸರಿನವರಿಗೆ ಯಾವ ಹಕ್ಕೂ ಇರುವುದಿಲ್ಲ, ಮಾಲೀಕರು ಗಾಡಿ ಮಾರಿಕೊಳ್ಳಬಹುದು. ನಮ್ಮಲ್ಲಿ ಅಂಥದ್ದು ಬೇಕು ಅನ್ನುವವರು ಉಯಿಲನ್ನೇ ಬರೆಯಬೇಕು. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯ ಅಲ್ಲ. ಬರೆದವರ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಹೊಲ ಮನೆ ಇರುವವರು ಮಾತ್ರ ಉಯಿಲು ಬರೆಯೋದು ಅನ್ನೋ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಒಂದು ಬೈಕು ಮಾತ್ರ ಇರುವವನಿಗೂ ಆ ಬೈಕು ಯಾರಿಗೆ ಅಂತ ಹೇಳುವ ಹಕ್ಕಿದೆ.

ಯಾರ ಹೆಸರು ಬರೆಸುತ್ತೀರಿ ಅಂತ ಕೇಳಿದರೆ ಗಂಡಸರು ಯೋಚನೆ ಮಾಡದೆ "ಮಗ" ಅನ್ನುತ್ತಾರೆ. ಮಗ ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ, ಅವನ ಹತ್ತಿರ ಸ್ವಂತ ಕಾರಿದೆ. ಇಲ್ಲಿ ಮನೆಯಲ್ಲಿರುವ ಹೆಂಡತಿಗೆ ತರಕಾರಿ ತರೋಕೆ, ದವಾಖಾನೆಗೆ ಹೋಗೋಕೆ ಗಾಡಿ ಬೇಕು. ಓಡಿಸೋಕೆ ಬರದಿದ್ದರೂ ಮಾರಿದ ದುಡ್ಡಾದರೂ ಅವಳ ಕೈಗೆ ಬರಬೇಕು. ಹೆಂಡತಿಯ ಹೆಸರು ಯಾಕೆ ಮೊದಲು ಬಾಯಿಗೆ ಬರುವುದಿಲ್ಲ?

ಹೊಳೆದಂಡೆಯ ಹರಿಗೋಲು

ಚೌಡದಾನಪುರದ ಮುಕ್ತೇಶ್ವರ ಗುಡಿಗೆ ನಾವು ಆಗಾಗ ಹೋಗುತ್ತೇವೆ. ಗುಡಿಯ ಹಿಂದೆಯೇ ತುಂಗಭದ್ರೆ. ಹನ್ನೆರಡನೇ ಶತಮಾನದ ಶರಣ ಅಂಬಿಗರ ಚೌಡಯ್ಯನ ನೆಲ ಅದು, ದೋಣಿ ನಡೆಸುತ್ತಿದ್ದ ಕಾಯಕದವನು. ಹೊಳೆಯ ಉದ್ದಕ್ಕೂ ಹಾವೇರಿ, ರಾಣೇಬೆನ್ನೂರು, ಮುಂಡರಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಈಗಲೂ ಹರಿಗೋಲು ಕಾಣುತ್ತವೆ, ಬಿದಿರಿನ ಬುಟ್ಟಿ, ಮೊದಲು ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಅದಕ್ಕೆ ನಂಬರಿಲ್ಲ, ಆರ್‌ಸಿ ಇಲ್ಲ, ಇನ್ಶೂರೆನ್ಸ್ ಇಲ್ಲ. ಒಮ್ಮೆ ಅಲ್ಲಿ ವಯಸ್ಸಾದ ಅಂಬಿಗರೊಬ್ಬರ ಜೊತೆ ಮಾತಿಗೆ ಕೂತಿದ್ದೆ. ಇಬ್ಬರು ಮಕ್ಕಳು, ಒಂದು ಹರಿಗೋಲು. ನಿಮ್ಮ ನಂತರ ಇದು ಯಾರಿಗೆ ಅಂತ ಕೇಳಿದೆ. ಕೇಳಬಾರದಿತ್ತೇನೋ ಅನ್ನುವಷ್ಟರಲ್ಲಿ ಅವರು ಸಲೀಸಾಗಿ ಉತ್ತರ ಕೊಟ್ಟರು. ಬಲೆ ದೊಡ್ಡವನಿಗೆ, ಹರಿಗೋಲು ಸಣ್ಣವನಿಗೆ, ಆದರೆ ಮೀನು ಹಿಡಿಯೋಕೆ ದೊಡ್ಡವನು ಕೇಳಿದ ದಿನ ಸಣ್ಣವನು ಕೊಡಲೇಬೇಕು. "ಇಬ್ಬರನೂ ಕುಂದ್ರಿಸಿ, ನಾಕ ಮಂದಿ ಮುಂದ ಹೇಳೀನಿ" ಅಂದರು. ಮಕ್ಕಳಿಬ್ಬರೂ ಅಲ್ಲೇ ಬಲೆ ಬಿಡಿಸುತ್ತಿದ್ದರು, ತಲೆಯಾಡಿಸಿದರು.

ನನ್ನ ಕಾಕಾ ಹೀಗೆ ಹೇಳಿರಲಿಲ್ಲ. ಹೇಳಬಹುದಾಗಿತ್ತು, ಕಾಯಿಲೆ ದೀರ್ಘವಾಗಿಯೇ ಇತ್ತು. ಆ ಅಂಬಿಗರಿಗೆ ಕಾಗದ ಇರಲಿಲ್ಲ, ಮಾತು ಇತ್ತು, ಸಾಕ್ಷಿಗೆ ಊರಿತ್ತು. ಕಾಕಾನ ಹತ್ತಿರ ಕಾಗದ ಇತ್ತು, ಮಾತು ಇರಲಿಲ್ಲ. ಆದರೆ ಬರೀ ಮಾತು ಸಾಲುವ ಕಾಲವೂ ಹೊಳೆಯ ಮೇಲೆ ಮುಗಿಯುತ್ತಾ ಬಂದಿದೆ. 1917ರ ಹಳೆಯ ಕಾಯಿದೆ ತೆಗೆದು 2021ರಲ್ಲಿ ಹೊಸ ಒಳನಾಡು ಹಡಗು ಕಾಯಿದೆ ತಂದರು. ಹೊಳೆಯಲ್ಲೂ ಇಂಜಿನ್ ಕೂರಿಸಿದ ದೋಣಿಗೆ ನೋಂದಣಿ ಬೇಕು. ಹರಿಗೋಲು ಬಿಟ್ಟು ಸಣ್ಣ ಇಂಜಿನ್ ದೋಣಿ ತಂದುಕೊಳ್ಳುವ ಮಗನಿಗೆ ಅಪ್ಪನ ಮಾತಿನ ಜೊತೆಗೆ ಹೆಸರೂ ಬೇಕಾಗುತ್ತದೆ. ಕರಾವಳಿಯ ಮೀನುಗಾರರಿಗೆ ಇದು ಮೊದಲಿಂದಲೂ ಗೊತ್ತು, ಅಲ್ಲಿ ಬೋಟು ಅಂದರೆ ನೋಂದಣಿ, ಲೈಸೆನ್ಸು, ಡೀಸೆಲ್ ಸಬ್ಸಿಡಿ ಎಲ್ಲಾ ಒಂದೇ ಹೆಸರಿಗೆ ಅಂಟಿರುತ್ತವೆ.

ಹೆಸರು ತೆಗೆಯೋಕೆ ಮನಸ್ಸು ಬರುವುದಿಲ್ಲ

ಸೋಮಾರಿತನ, ತಿಳಿಯದೇ ಇರುವುದು ಇವೆರಡೇ ಕಾರಣ ಅಂತ ನಾನು ಮೊದಲು ಅಂದುಕೊಂಡಿದ್ದೆ. ಧಾರವಾಡದ ಮಾಳಮಡ್ಡಿಯಲ್ಲಿ ನನಗೆ ಬಹಳ ಬೇಕಾದ ಒಬ್ಬ ಹಿರಿಯ ಅಮ್ಮ ಇದ್ದಾರೆ. ಗಂಡನ ಕಾರನ್ನು ವಾರಕ್ಕೊಮ್ಮೆ ಒರೆಸಿ, ಸ್ಟಾರ್ಟ್ ಮಾಡಿಸಿ ಇಡುತ್ತಾರೆ. ಹೆಸರು ಬದಲಿಸೋಣ ಅಂದಾಗ ಅವರು ಹೇಳಿದ್ದು ಇಷ್ಟೇ: "ರೇಷನ್ ಕಾರ್ಡಿನಿಂದ ಹೆಸರು ತೆಗೆದ್ರು, ಬ್ಯಾಂಕಿನಿಂದ ತೆಗೆದ್ರು, ಲೈಟ್ ಬಿಲ್ಲಿನಿಂದ ತೆಗೆದ್ರು. ಇದೊಂದರಾಗ ಇರಲಿ." ನಾನು ಅವತ್ತು ಮುಂದೆ ಮಾತಾಡಲಿಲ್ಲ. ಇದು ಸಣ್ಣ ವಿಷಯ ಅಲ್ಲ. ಸತ್ತವರನ್ನು ಒಂದೊಂದೇ ಕಚೇರಿಯಿಂದ ಅಳಿಸುತ್ತಾ ಬರುವುದು ಮನೆಯವರ ಕೈಯಿಂದಲೇ ಆಗಬೇಕು ಅನ್ನೋದು ಕ್ರೂರವಾದದ್ದು. ಆದರೆ ಕಾರಿನ ನೋಂದಣಿಗೆ 15 ವರ್ಷ ತುಂಬುತ್ತಾ ಬಂದಿತ್ತು. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು, 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕವನ್ನು 600ರಿಂದ 5,000 ರೂಪಾಯಿಗೆ, ಬೈಕಿನದನ್ನು 300ರಿಂದ 1,000ಕ್ಕೆ ಏರಿಸಿದ್ದಾರೆ. ದುಡ್ಡು ಹೇಗೋ ಕಟ್ಟಬಹುದು. ಆದರೆ ನವೀಕರಣಕ್ಕೆ ಅರ್ಜಿ ಹಾಕಬೇಕಾದವರು ಮಾಲೀಕರು. ಹೆಸರು ಹಾಗೇ ಬಿಟ್ಟರೆ ಆ ಕಾರು ರಸ್ತೆಗೆ ಇಳಿಯುವಂತಿಲ್ಲ, ಮಾರುವಂತಿಲ್ಲ, ಗುಜರಿಗೆ ಕ್ರಮವಾಗಿ ಕೊಡೋಕೂ ವಾರಸಾ ಕಾಗದ ಬೇಕು.

ಆಮೇಲೊಮ್ಮೆ ಹೋದಾಗ ನಾನು ಅವರಿಗೆ ಆರ್‌ಸಿಯಲ್ಲಿರುವ ಒಂದು ಅಂಕಿ ತೋರಿಸಿದೆ. ಎಷ್ಟನೇ ಮಾಲೀಕರು ಅಂತ ಅದರಲ್ಲಿ ನಮೂದಾಗಿರುತ್ತದೆ. ನಿಮ್ಮ ಹೆಸರಿಗೆ ಬಂದರೆ ಇಲ್ಲಿ ಎರಡು ಅಂತ ಬರುತ್ತದೆ, ಒಂದನೆಯವರು ಅವರೇ, ಇಲಾಖೆಯ ದಾಖಲೆಯಲ್ಲಿ ಅದು ಅಳಿಯುವುದಿಲ್ಲ ಅಂದೆ. ಅವರು ಆ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಪ್ಪಿದರು. ಹಳೆಯ ಕಾರ್ಡಿನ ಎರಡೂ ಬದಿ ಬಣ್ಣದ ಝೆರಾಕ್ಸ್ ಮಾಡಿಸಿ ಅವರ ಮದುವೆ ಆಲ್ಬಮ್ಮಿನಲ್ಲಿ ಇಟ್ಟುಕೊಂಡಿದ್ದಾರೆ.

ಈಗ ನಮ್ಮ ಮನೆಯದು. ಅಪ್ಪ ಗಟ್ಟಿಯಾಗಿದ್ದಾರೆ. ಸ್ಕೂಟರ್ ಅವರ ಹೆಸರಿನಲ್ಲಿದೆ, ಓಡಿಸುವವಳು ಅಣ್ಣನ ಹೆಂಡತಿ, ದಿನಾ ಕುಂದಗೋಳದ ಸ್ಕೂಲಿಗೆ ಹೋಗಿ ಬರುತ್ತಾಳೆ. ಹೋದ ಭಾನುವಾರ ಊಟದ ಹೊತ್ತಿಗೆ ನಾನೇ ಮಾತು ಎತ್ತಿದೆ. ಅವ್ವ ಒಮ್ಮೆ "ಈಗ್ಯಾಕ ಆ ಮಾತು" ಅಂದಳು, ಆಮೇಲೆ ಕೇಳುತ್ತಾ ಕೂತಳು. ಅಪ್ಪ ನಾಮಿನಿಗೆ ಸೊಸೆಯ ಹೆಸರು ಹೇಳಿದರು. ಅಣ್ಣ ತಲೆ ಎತ್ತಿ ನೋಡಿದ, ನಕ್ಕ, "ಹೂಂ, ಅಕಿದ ಅದು" ಅಂದ. ಸೊಸೆ ವಾರಸುದಾರಳಲ್ಲ, ಹಾಗಾಗಿ ಬರೀ ನಾಮಿನಿ ಸಾಲದು, ಒಂದು ಉಯಿಲು ಕೂಡ ಬರೆಯೋಣ ಅಂತ ನಾನು ಹೇಳಿದೆ. ಅಪ್ಪ ಅವತ್ತೇ ರಾತ್ರಿ ತಮ್ಮ ಅಕ್ಷರದಲ್ಲಿ ಬರೆದರು, ಸ್ಕೂಟರು ಸೊಸೆಗೆ, ತಮ್ಮ ಹೊಲಿಗೆ ಯಂತ್ರ ನನಗೆ ಅಂತಲೂ ಸೇರಿಸಿದರು. ಎದುರು ಮನೆಯವರನ್ನೂ ಹಿಂದಿನ ಮನೆಯವರನ್ನೂ ಕರೆದು ಅವರ ಮುಂದೆ ಸಹಿ ಹಾಕಿದರು, ಅವರಿಬ್ಬರೂ ಸಾಕ್ಷಿ ಹಾಕಿದರು. ಉಳಿದಿರುವುದು ಆನ್‌ಲೈನ್ ಕೆಲಸ. ಓಟಿಪಿ ಅಪ್ಪನ ಹಳೆಯ ನಂಬರಿಗೆ ಹೋಗುತ್ತಿದೆ, ಆ ಸಿಮ್ ಬಂದ್ ಆಗಿ ಎಷ್ಟೋ ಕಾಲವಾಗಿದೆ. ಸೋಮವಾರ ಅಪ್ಪನನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗಿ ಮೊದಲು ನಂಬರ್ ಬದಲಿಸಬೇಕು.